ಹಳೇ ಬ್ಯಾಂಡ್ ಮತ್ತೆ ಸೇರಬೇಕಾ? ಸೇರಲಿ, ಆದ್ರೆ ಯಾರನ್ನೂ ಸ್ಟೇಜಿಂದ ಇಳಿಸಬೇಡಿ

ಮೊದಲೇ ಒಂದು ಮಾತು ಹೇಳಿಬಿಡ್ತೀವಿ. ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಅಂದ್ರೆ ಮನೆಯಲ್ಲಿ ಮಾತಾಡೋ ಭಾಷೆ, ಸ್ಕೂಲಲ್ಲಿ ಸೆಕೆಂಡ್ ಲ್ಯಾಂಗ್ವೇಜ್. ಹಾಗಾಗಿ ಒಂದೇ ಪ್ಯಾರಾದಲ್ಲಿ ‘ಆದರೆ’ ಕೂಡ ಬರುತ್ತೆ, ‘ಆದ್ರೆ’ ಕೂಡ ಬರುತ್ತೆ. ಸಂಘದ ಎಡಿಟರ್ ಅಕ್ಕ ಒಂದು ರೌಂಡ್ ತಿದ್ದಿದ್ದಾರೆ. ಉಳಿದ ತಪ್ಪೆಲ್ಲ ನಮ್ಮದೇ.

ಈಗ ವಿಷಯಕ್ಕೆ ಬರೋಣ. ಫೆಸ್ಟ್ ಹತ್ತಿರ ಬಂತು. ನಮ್ಮ ಕಾಲೇಜಿನ ಕನ್ನಡ ಬ್ಯಾಂಡ್‌ಗೆ ಈ ವರ್ಷ ಹತ್ತು ತುಂಬುತ್ತೆ. ಅದನ್ನು ಶುರು ಮಾಡಿದ ಸೀನಿಯರ್‌ಗಳು ಈಗ ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಕೆಲಸದಲ್ಲಿದ್ದಾರೆ. ಅವರಿಂದ ಸಂಘಕ್ಕೆ ಒಂದು ಮೇಲ್ ಬಂದಿದೆ. ಫೆಸ್ಟಿನ ಕೊನೇ ರಾತ್ರಿ ‘ಒರಿಜಿನಲ್ ಲೈನಪ್’ ಮತ್ತೆ ಸೇರಿ ಒಂದೂವರೆ ಗಂಟೆ ನುಡಿಸುತ್ತಂತೆ. ಸೌಂಡು, ಲೈಟು, ಜನರೇಟರ್ ಖರ್ಚೆಲ್ಲ ಅವರದೇ. ಈಗಿನ ತಂಡಕ್ಕೆ ಸಂಜೆ ಐದು ಗಂಟೆಗೆ ಇಪ್ಪತ್ತು ನಿಮಿಷ. ಸಂಜೆ ಐದಕ್ಕೆ ನಮ್ಮ ಗ್ರೌಂಡಿನಲ್ಲಿ ಯಾರಿರ್ತಾರೆ ಅಂತ ನಿಮಗೂ ಗೊತ್ತು. ಚೇರ್ ಜೋಡಿಸೋ ವಾಲಂಟಿಯರ್ಸು, ಆಮೇಲೆ ಎರಡು ನಾಯಿ.

ಮೇಲ್ ಬಂದ ದಿನದಿಂದ ವಾಟ್ಸಾಪ್ ಗ್ರೂಪು ಎರಡು ಭಾಗ ಆಗಿದೆ. ಒಂದು ಕಡೆಯವರು ‘ಲೆಜೆಂಡ್ಸ್ ಬರ್ತಿದ್ದಾರೆ, ಸುಮ್ನಿರ್ರೋ’ ಅಂತಾರೆ. ಇನ್ನೊಂದು ಕಡೆಯವರು ‘ಹಂಗಾದ್ರೆ ವರ್ಷವಿಡೀ ಪ್ರಾಕ್ಟೀಸ್ ಮಾಡಿದ್ದು ಅವರ ಮೈಕ್ ಚೆಕ್ ಮಾಡೋಕಾ?’ ಅಂತ ಕೇಳ್ತಾರೆ. ಗುರುವಾರ ಸಂಘದ ಮೀಟಿಂಗಲ್ಲಿ ವೋಟು. ಅದಕ್ಕೆ ಮುಂಚೆ ನಮ್ಮ ಅಭಿಪ್ರಾಯ ಬರೆದಿಡೋಣ ಅಂತ ಕೂತಿದ್ದೀವಿ. ಇದು ನಮ್ಮ ಕಾಲೇಜಿನ ಜಗಳ ಮಾತ್ರ ಅಲ್ಲ. ದೊಡ್ಡ ದೊಡ್ಡ ಬ್ಯಾಂಡುಗಳೆಲ್ಲ ಇದೇ ಪ್ರಶ್ನೆ ಎದುರಿಸಿವೆ. ಹಳಬರು ಮತ್ತೆ ಸೇರಬೇಕಾ, ಬೇಡವಾ? ಸೇರಿದ್ರೆ ನಡುವೆ ಬಂದವರ ಗತಿ ಏನು?

ಈ ಚರ್ಚೆ ನಿಜವಾಗಿ ಶುರುವಾಗಿದ್ದು ವಾಟ್ಸಾಪಲ್ಲಿ ಅಲ್ಲ, ಸುತ್ತೂರಿನ ಬಸ್ಸಲ್ಲಿ. ನಮ್ಮ ಡ್ರಮ್ಮರ್ ಊರು ಸುತ್ತೂರಿನ ಪಕ್ಕದ ಹಳ್ಳಿ. ‘ಜಾತ್ರೆಗೆ ಬರದೇ ಮೈಸೂರು ಜಿಲ್ಲೇಲಿ ಇದ್ದೀನಿ ಅನ್ನಬೇಡಿ’ ಅಂತ ಐದು ಜನರನ್ನ ಎಳ್ಕೊಂಡು ಹೋದ. ಇಂಟರ್ನಲ್ಸ್ ಮುಗಿದಿತ್ತು, ಹೋದ್ವಿ. ಮೈಸೂರಿಂದ ಹೆಚ್ಚು ದೂರ ಇಲ್ಲ, ಸುಮಾರು ಮೂವತ್ತು ಕಿಲೋಮೀಟರ್. ಕಪಿಲಾ ನದಿ ದಡದ ಊರು, ನಂಜನಗೂಡು ತಾಲ್ಲೂಕು. ಆರು ದಿನದ ಜಾತ್ರೆ. ರಥ, ಕೊಂಡ, ತೆಪ್ಪ, ಸಾಮೂಹಿಕ ಮದುವೆ, ದನಗಳ ಜಾತ್ರೆ, ಕುಸ್ತಿ, ಕೃಷಿ ಮೇಳ, ನಾಟಕ, ಎಲ್ಲ ಒಂದೇ ಜಾಗದಲ್ಲಿ. ದಾಸೋಹದಲ್ಲಿ ಎಷ್ಟು ಸಾವಿರ ಜನ ಕೂತು ಊಟ ಮಾಡ್ತಾರೆ ಅಂದ್ರೆ, ನಮ್ಮ ಹಾಸ್ಟೆಲ್ ಮೆಸ್ಸಿನವರನ್ನ ಅಲ್ಲಿಗೆ ಇಂಡಸ್ಟ್ರಿಯಲ್ ವಿಸಿಟ್‌ಗೆ ಕಳಿಸಬೇಕು ಅನ್ನಿಸ್ತು.

ನಮಗೆ ಹಿಡಿಸಿದ್ದು ಭಜನಾ ಮೇಳ. ಊರೂರಿಂದ ತಂಡಗಳು ಬಂದಿದ್ವು. ಮಕ್ಕಳ ತಂಡ, ಹೆಂಗಸರ ತಂಡ, ಗಂಡಸರ ತಂಡ. ಹಾರ್ಮೋನಿಯಂ, ತಬಲ, ತಾಳ, ದಮ್ಮಡಿ. ಒಂದು ತಂಡ ಇಳೀತಿದ್ದ ಹಾಗೆ ಇನ್ನೊಂದು ಹತ್ತುತ್ತೆ. ಐದು ನಿಮಿಷ ಸೌಂಡ್ ಚೆಕ್, ‘ಮಾನಿಟರಲ್ಲಿ ನನ್ನ ವಾಯ್ಸ್ ಜಾಸ್ತಿ ಮಾಡಿ’ ಅಂತೆಲ್ಲ ಏನೂ ಇಲ್ಲ. ಕೂತರು, ಹಾಡಿದರು, ಎದ್ದರು. ನಮ್ಮ ಗಿಟಾರಿಸ್ಟ್ ಬಾಯಿ ಬಿಟ್ಕೊಂಡು ನೋಡ್ತಿದ್ದ.

ಊಟ ಮುಗಿಸಿ ಹೊಳೆ ಕಡೆ ನಡ್ಕೊಂಡು ಹೋಗ್ತಿದ್ದಾಗ ಮರದ ಕೆಳಗೆ ಒಂದು ಸಣ್ಣ ಗುಂಪು ಕಂಡಿತು. ತಂಬೂರಿ ಪದದವರು. ಮಂಟೇಸ್ವಾಮಿ ಒಕ್ಕಲಿನ ನೀಲಗಾರರು. ಮುಂದಿನವರ ಒಂದು ಕೈಲಿ ತಂಬೂರಿ, ಇನ್ನೊಂದು ಕೈಲಿ ಗಗ್ಗರ. ಹಿಮ್ಮೇಳದಲ್ಲಿ ತಾಳ ಹಿಡಿದ ಒಬ್ಬರು, ದಕ್ಕೆ ಹಿಡಿದ ಒಬ್ಬ ಹುಡುಗ. ಹುಡುಗ ನಮಗಿಂತ ಚಿಕ್ಕವನು, ಪಿಯುಸಿ ಇರಬೇಕು. ಪಕ್ಕದಲ್ಲಿ ಗೋಣಿಚೀಲದ ಮೇಲೆ ಕಾಲು ಚಾಚಿ ಒಬ್ಬ ವಯಸ್ಸಾದವರು ಕೂತಿದ್ದರು. ಅವರು ಹಾಡ್ತಾನೂ ಇರಲಿಲ್ಲ, ಬಾರಿಸ್ತಾನೂ ಇರಲಿಲ್ಲ. ಬೆರಳಲ್ಲಿ ತೊಡೆ ಮೇಲೆ ಲೆಕ್ಕ ಹಾಕ್ತಿದ್ದರು, ಅಷ್ಟೆ.

ಪದದ ಮಧ್ಯೆ ಹುಡುಗ ಒಂದು ಕಡೆ ತಪ್ಪಿದ. ನಮಗೇ ಗೊತ್ತಾಯ್ತು ಅಂದ್ರೆ ಜೋರಾಗೇ ತಪ್ಪಿರಬೇಕು. ಕೂತಿದ್ದವರು ಕೈ ಚಾಚಿ ದಕ್ಕೆ ತಗೊಂಡರು. ಎರಡು ಮೂರು ನಿಮಿಷ ತಾವೇ ಬಾರಿಸಿದರು. ಹಾಡ್ತಿದ್ದವರ ದನಿಯೇ ಬದಲಾಯ್ತು, ಮುಖದಲ್ಲಿ ನಗು ಬಂತು. ಆಮೇಲೆ ‘ಇಂಗೆ ಕನ್ಲಾ’ ಅಂತ ದಕ್ಕೆಯನ್ನ ಹುಡುಗನಿಗೇ ವಾಪಸ್ ಕೊಟ್ಟರು. ಹುಡುಗ ಅಲ್ಲೇ ಕೂತಿದ್ದ, ಎದ್ದು ಹೋಗಿರಲಿಲ್ಲ. ಯಾರೂ ಏಳು ಅಂದಿರಲೂ ಇಲ್ಲ.

ಪದ ಮುಗಿದ ಮೇಲೆ ನಮ್ಮ ಡ್ರಮ್ಮರ್ ಹತ್ತಿರ ಹೋಗಿ ಕೇಳಿದ. ‘ನಿಮ್ಮ ಮೇಳ ಶುರುವಾಗಿ ಎಷ್ಟು ವರ್ಸ ಆಯ್ತು ತಾತ?’

‘ನಮ್ಮಪ್ಪನ ಕಾಲದ್ದು ಕನಪ್ಪ.’

‘ಹಂಗಾರೆ ಈಗಿರೋರು ಮೊದ್ಲಿನೋರಲ್ವಾ?’

‘ಮೊದ್ಲಿನೋರು ಮಣ್ಣಾಗವ್ರೆ. ಮ್ಯಾಳ ಅದೇಯ.’

ವಾಪಸ್ ಬರೋ ಬಸ್ಸಲ್ಲಿ ಈ ಮಾತು ಹಿಡ್ಕೊಂಡು ಜಗಳ ಶುರುವಾಯ್ತು. ಜನ ಹೋದ ಮೇಲೂ ಮೇಳ ಅದೇ ಆಗಿರೋಕೆ ಸಾಧ್ಯವಾ? ಹಾಗಾದ್ರೆ ‘ಒರಿಜಿನಲ್ ಲೈನಪ್’ ಅನ್ನೋ ಪದಕ್ಕೆ ಅರ್ಥ ಏನು?

ಈ ಒರಿಜಿನಲ್ ಅನ್ನೋದನ್ನೇ ಮೊದಲು ನೋಡೋಣ. ಬೆಂಗಳೂರಲ್ಲಿ 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಅಂತ ಒಂದು ರಾಕ್ ಬ್ಯಾಂಡ್ ಇದೆ. ಆ ವಿಚಿತ್ರ ಹೆಸರು ಬಂದಿದ್ದೇ ಮೊದಲ ಲೈನಪ್ಪಿಂದ. ನಾಲ್ಕು ಜನರಲ್ಲಿ ಮೂರು ಜನ ಪೂರ್ತಿ ಮಲಯಾಳಿಗಳು, ಒಬ್ಬರು ಕಾಲು ಭಾಗ ಮಲಯಾಳಿ. ‘ತ್ರೀ ಮಲ್ಸ್ ಅಂಡ್ ಎ ಕ್ವಾರ್ಟರ್’ ಅನ್ನೋದೇ ಥರ್ಮಲ್ ಆಯ್ತು. ಬ್ರೂಸ್ ಲೀ ಮಣಿ, ರಾಜೀವ್ ರಾಜಗೋಪಾಲ್ ಜೊತೆಗಿದ್ದ ಜನ ಮುಂದೆ ಬದಲಾದರು. ಲೆಕ್ಕ ತಪ್ಪಿತು, ಹೆಸರು ಮಾತ್ರ ಉಳೀತು. ಹೆಸರಲ್ಲೇ ಒರಿಜಿನಲ್ ಲೈನಪ್ ಇಟ್ಕೊಂಡ ಬ್ಯಾಂಡಿಗೇ ಅದನ್ನ ಹಾಗೇ ಇಟ್ಕೊಳ್ಳೋಕಾಗಲಿಲ್ಲ.

ಇಂಡಿಯನ್ ಓಶನ್ ತಗೊಳ್ಳಿ. ಅಪ್ಪ ಅಮ್ಮನ ಪ್ಲೇಲಿಸ್ಟಲ್ಲಿ ಇದ್ದೇ ಇರುತ್ತೆ. 2000ದ ‘ಕಂದೀಸಾ’ ಆಲ್ಬಮ್ ನುಡಿಸಿದ ನಾಲ್ವರನ್ನೇ ಎಲ್ಲರೂ ಒರಿಜಿನಲ್ ಅಂತಾರೆ. ಆದ್ರೆ 1990ರಲ್ಲಿ ದೆಹಲಿಯಲ್ಲಿ ಅದನ್ನ ಕಟ್ಟಿದ್ದು ಗಿಟಾರಿನ ಸುಸ್ಮಿತ್ ಸೇನ್ ಮತ್ತು ತಬಲದ ಅಶೀಮ್ ಚಕ್ರವರ್ತಿ. ಬೇಸ್ ಗಿಟಾರಿನ ರಾಹುಲ್ ರಾಮ್ ಬಂದಿದ್ದು ಆಮೇಲೆ, ಡ್ರಮ್ಸಿನ ಅಮಿತ್ ಕಿಲಮ್ ಬಂದಿದ್ದು ಇನ್ನೂ ಆಮೇಲೆ. ಅಶೀಮ್ 2009ರ ಡಿಸೆಂಬರ್ 25ರಂದು ತೀರಿಕೊಂಡರು. ಸುಸ್ಮಿತ್ 2013ರಲ್ಲಿ ಬಿಟ್ಟರು. ಅಂದ್ರೆ ಬ್ಯಾಂಡ್ ಕಟ್ಟಿದ ಇಬ್ಬರೂ ಇವತ್ತು ಅದರಲ್ಲಿಲ್ಲ, ಆದರೂ ಬ್ಯಾಂಡ್ ಇದೆ.

ಪಿಂಕ್ ಫ್ಲಾಯ್ಡ್ ಕಥೆ ಇನ್ನೂ ಮಜಾ. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಲ್ಲಿ, ಲೈವ್ 8 ಕಾರ್ಯಕ್ರಮದಲ್ಲಿ, ವಾಟರ್ಸ್, ಗಿಲ್ಮೋರ್, ಮೇಸನ್, ರೈಟ್ ನಾಲ್ಕೂ ಜನ 24 ವರ್ಷದ ನಂತರ ಒಟ್ಟಿಗೆ ನುಡಿಸಿದರು. ಜಗತ್ತೇ ‘ಒರಿಜಿನಲ್ಸ್ ವಾಪಸ್’ ಅಂತ ಅತ್ತಿತು. ಆದ್ರೆ ಗಿಲ್ಮೋರ್ ಬಂದಿದ್ದೇ ಸಿಡ್ ಬ್ಯಾರೆಟ್ ಜಾಗಕ್ಕೆ. ಬ್ಯಾಂಡಿನ ಮೊದಲ ಹಾಡುಗಾರ ಸಿಡ್ ಆವತ್ತು ಬದುಕಿದ್ದರು, ಸ್ಟೇಜ್ ಮೇಲೆ ಇರಲಿಲ್ಲ. ಹಾಗಾಗಿ ‘ಒರಿಜಿನಲ್’ ಅಂದಾಗ ನಾವು ಹೇಳ್ತಿರೋದು ಬಹುಶಃ ‘ಮೊದಲಿನವರು’ ಅಂತ ಅಲ್ಲ, ‘ನಾನು ಮೊದಲು ಕೇಳಿದಾಗ ಇದ್ದವರು’ ಅಂತ. ಇವತ್ತು ‘ಬದಲಿ ಆಟಗಾರ’ ಅಂತ ಬೈಸಿಕೊಳ್ಳೋನು ಹದಿನೈದು ವರ್ಷ ಬಿಟ್ಟು ಇನ್ಯಾರಿಗೋ ಒರಿಜಿನಲ್ ಆಗಿರ್ತಾನೆ.

ಇಷ್ಟಾದ್ರೂ ‘ಸೇರಲೇಬಾರದು’ ಅನ್ನೋಕೆ ನಮಗೆ ಮನಸ್ಸು ಬರ್ತಿಲ್ಲ. ಯಾಕಂದ್ರೆ ಬ್ಲ್ಯಾಕ್ ಸಬ್ಬತ್.

1968ರಲ್ಲಿ ಬರ್ಮಿಂಗ್‌ಹ್ಯಾಮಿನ ನಾಲ್ಕು ಹುಡುಗರು ಶುರು ಮಾಡಿದ ಬ್ಯಾಂಡ್. ಓಝಿ ಓಸ್ಬೋರ್ನ್, ಟೋನಿ ಐಯೋಮಿ, ಗೀಝರ್ ಬಟ್ಲರ್, ಬಿಲ್ ವಾರ್ಡ್. ಕೊನೇ ಟೂರು ಅಂತ ಹೇಳಿ 2017ರಲ್ಲಿ ತಮ್ಮೂರಲ್ಲೇ ಮುಗಿಸಿದರು. ಆದ್ರೆ ಡ್ರಮ್ಮರ್ ಬಿಲ್ ವಾರ್ಡ್ ಅದರಲ್ಲಿ ಇರಲಿಲ್ಲ. ಕಾಂಟ್ರ್ಯಾಕ್ಟ್ ವಿಷಯಕ್ಕೆ ಶುರುವಾದ ಮುನಿಸು ವರ್ಷಗಟ್ಟಲೆ ಎಳೀತು. ಕೊನೆಗೆ 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಸ್ಟೇಡಿಯಮ್ಮಲ್ಲಿ ನಾಲ್ಕೂ ಜನ ಸೇರಿದರು. ಓಝಿಗೆ ನಿಂತು ಹಾಡೋಕಾಗ್ತಿರಲಿಲ್ಲ, ಕುರ್ಚಿಯಲ್ಲಿ ಕೂತೇ ಹಾಡಿದರು. ಹದಿನೇಳು ದಿನ ಆದಮೇಲೆ, ಜುಲೈ 22ರಂದು ತೀರಿಕೊಂಡರು.

ಆ ವಿಡಿಯೋ ನಾವು ಹಾಸ್ಟೆಲ್ ರೂಮಲ್ಲಿ ಐದು ಜನ ಒಂದೇ ಲ್ಯಾಪ್‌ಟಾಪಲ್ಲಿ ನೋಡಿದ್ವಿ. ಸ್ವರ ಎಲ್ಲೆಲ್ಲೋ ಜಾರುತ್ತೆ. ಯಾರೂ ಆಡಿಕೊಳ್ಳಲಿಲ್ಲ. ಇನ್ನು ಮೂರು ವಾರ ತಡ ಮಾಡಿದ್ರೂ ಅದು ಆಗ್ತಾನೇ ಇರಲಿಲ್ಲ. ಹಾಗಾಗಿ ‘ಹಳೇದನ್ನ ಕೆದಕಬೇಡಿ, ಮುಂದೆ ನೋಡಿ’ ಅಂತ ಸುಲಭವಾಗಿ ಹೇಳೋರಿಗೆ ನಮ್ಮ ಉತ್ತರ ಇದೇ. ಕೆಲವು ಸಲ ಸೇರಲೇಬೇಕು, ಬೇಗ ಸೇರಬೇಕು. ಸುತ್ತೂರಿನ ಮರದ ಕೆಳಗೆ ಆ ತಾತ ದಕ್ಕೆ ಹಿಡಿದ ಎರಡು ನಿಮಿಷ ಹಾಡೋರ ದನಿ ಬದಲಾಗಿದ್ದು ಸುಳ್ಳಲ್ಲ. ಜೊತೇಲಿ ಬಹಳ ವರ್ಷ ಬಾರಿಸಿದ ಕೈ ಬೇರೆ, ಹೊಸ ಕೈ ಬೇರೆ. ನಮ್ಮ ಭಾಷೇಲಿ ಹೇಳೋದಾದ್ರೆ, ಅದೇ ರೇಟಿಂಗಿನ ಕೆಪಾಸಿಟರ್ ತಂದು ಹಾಕಿದರೆ ಸರ್ಕ್ಯೂಟ್ ಮೊದಲಿನ ಹಾಗೇ ಓಡುತ್ತೆ. ಮನುಷ್ಯರ ಬ್ಯಾಂಡ್ ಹಾಗೆ ಓಡಲ್ಲ. ಅಶೀಮ್ ತಬಲ ಬಾರಿಸ್ತಾ ಬಾರಿಸ್ತಾನೇ ಹಾಡ್ತಿದ್ದ ರೀತಿಯನ್ನ ಯಾವ ನೋಟೇಶನ್ನಲ್ಲೂ ಬರೆದಿಡೋಕಾಗಲ್ಲ.

ಇನ್ನೊಂದು ಕಡೆಯವರ ವಾದವೂ ಗಟ್ಟಿಯಾಗಿದೆ. ಅದಕ್ಕೆ ಉದಾಹರಣೆ ನಮ್ಮ ಮೈಸೂರಲ್ಲೇ ಇದೆ.

ರಘು ದೀಕ್ಷಿತ್ ಮೈಸೂರಲ್ಲಿ ಬೆಳೆದವರು. ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ, ಕೊನೆಗೆ ಹಿಡಿದದ್ದು ಗಿಟಾರ್. ಮೊದಲು ‘ಅಂತರಾಗ್ನಿ’ ಅನ್ನೋ ಬ್ಯಾಂಡ್ ಇತ್ತು, ವಯಲಿನ್ ಅದರ ಜೀವ. ಆ ಬ್ಯಾಂಡ್ ಮುಂದುವರಿಯಲಿಲ್ಲ. ಆಮೇಲೆ ಬಂದಿದ್ದೇ ರಘು ದೀಕ್ಷಿತ್ ಪ್ರಾಜೆಕ್ಟ್. ಮೊದಲ ಆಲ್ಬಮ್ 2008ರಲ್ಲಿ. ‘ಬ್ಯಾಂಡ್’ ಅನ್ನದೆ ‘ಪ್ರಾಜೆಕ್ಟ್’ ಅಂದಿದ್ದನ್ನ ಗಮನಿಸಿ. ಬಾಗಿಲು ತೆರೆದ ಮನೆ ಇದ್ದ ಹಾಗೆ, ಬೇರೆ ಬೇರೆ ವಾದ್ಯದವರು ಬರಬಹುದು, ನುಡಿಸಬಹುದು, ಹೋಗಬಹುದು. ‘ಮೊದಲಿನವರೇ ಇರಬೇಕು’ ಅನ್ನೋ ಮಾತನ್ನ ಹೆಸರಲ್ಲೇ ತೆಗೆದುಹಾಕಿದ್ದಾರೆ. ನಮ್ಮ ಅಣ್ಣಂದಿರ ಕಾಲದ ಕೆಲವರು ಈಗಲೂ ‘ಅಂತರಾಗ್ನಿ ಒಂದು ಸಲ ಮತ್ತೆ ಸೇರಬೇಕಿತ್ತು ಗುರೂ’ ಅಂತಾರೆ. ಸೇರಿದ್ರೆ ನಾವೂ ಮೊದಲ ಸಾಲಲ್ಲಿ ನಿಂತು ಕೇಳ್ತೀವಿ. ಆದ್ರೆ ಆ ಬ್ಯಾಂಡ್ ಮುಗಿದಿದ್ದರಿಂದಲೇ ಇನ್ನೊಂದು ಹುಟ್ಟಿತು ಅನ್ನೋದನ್ನೂ ಮರೀಬಾರದು.

ಇದೇ ಬ್ಯಾಂಡ್ ಹಾಡೋ ಶಿಶುನಾಳ ಷರೀಫರ ಪದಗಳನ್ನ ನೋಡಿ. ಷರೀಫರು 1819ರಿಂದ 1889ರವರೆಗೆ ಬದುಕಿದ್ದವರು. ರೆಕಾರ್ಡಿಂಗ್ ಇಲ್ಲ, ‘ಒರಿಜಿನಲ್ ಟ್ಯೂನ್’ ಅಂತ ಯಾರ ಹಾರ್ಡ್ ಡಿಸ್ಕಲ್ಲೂ ಇಲ್ಲ. ಭಜನೆಯವರು ಬಾಯಿಂದ ಬಾಯಿಗೆ ಉಳಿಸಿದರು. ಸಿ. ಅಶ್ವಥ್ ಒಂದು ರೀತಿ ಹಾಡಿದರು, ನಮ್ಮಜ್ಜಿ ಅದನ್ನ ಬಿಟ್ಟು ಬೇರೇನೂ ಒಪ್ಪಲ್ಲ. ರಘು ದೀಕ್ಷಿತ್ ಗಿಟಾರ್ ಹಾಕಿ ಇನ್ನೊಂದು ರೀತಿ ಹಾಡಿದರು, ನಾವು ಷರೀಫರ ಹೆಸರು ಕೇಳಿದ್ದೇ ಅಲ್ಲಿಂದ. ಸ್ಕೂಲ್ ಟೆಕ್ಸ್ಟ್ ಬುಕ್ಕಿಂದ ಅಲ್ಲ, ಇಯರ್‌ಫೋನಿಂದ ಕನ್ನಡಕ್ಕೆ ಬಂದವರು ನಾವು. ಲೈನಪ್ ಮುಖ್ಯ ಅಂತ ಹಿಡಿದು ಕೂತಿದ್ರೆ ಈ ಪದಗಳು ನಮ್ಮವರೆಗೆ ಬರ್ತಾನೇ ಇರಲಿಲ್ಲ. ಸುತ್ತೂರಿನ ತಾತ ಹೇಳಿದ್ದು ಇದನ್ನೇ ಅನ್ಸುತ್ತೆ.

ಹಾಗಾದ್ರೆ ಎರಡು ವಾದವೂ ಸರಿ. ಹಳಬರು ಸೇರೋದರಲ್ಲಿ ಏನೋ ಇದೆ, ಅದನ್ನ ಬೇರೆ ಯಾರೂ ಕೊಡೋಕಾಗಲ್ಲ. ಹೊಸಬರು ನುಡಿಸದೇ ಇದ್ದರೆ ಹಾಡೇ ಸತ್ತುಹೋಗುತ್ತೆ. ಈಗ ಇವೆರಡರಲ್ಲಿ ಒಂದನ್ನೇ ಆರಿಸಬೇಕಾ?

ಆರಿಸಬೇಕಾಗಿಲ್ಲ ಅಂತ ತೋರಿಸಿದ್ದು ಐರನ್ ಮೇಡನ್. ಮೆಟಲ್ ಕೇಳದವರು ಒಂದು ನಿಮಿಷ ತಾಳ್ಮೆ ಇಟ್ಕೊಳ್ಳಿ, ನಮ್ಮ ಇಡೀ ಲೇಖನದ ಪಾಯಿಂಟ್ ಇಲ್ಲೇ ಇದೆ. 1990ರಲ್ಲಿ ಅವರ ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ ಬಿಟ್ಟು ಹೋದರು. ಆ ಜಾಗಕ್ಕೆ ಜ್ಯಾನಿಕ್ ಗರ್ಸ್ ಬಂದರು. 1993ರಲ್ಲಿ ಹಾಡುಗಾರ ಬ್ರೂಸ್ ಡಿಕಿನ್ಸನ್ನೂ ಬಿಟ್ಟರು. 1999ರಲ್ಲಿ ಇಬ್ಬರೂ ವಾಪಸ್ ಬಂದರು. ಈಗ ಬ್ಯಾಂಡಿನಲ್ಲಿ ಮೂರು ಜನ ಗಿಟಾರಿಸ್ಟ್. ಸಾಮಾನ್ಯವಾಗಿ ಏನಾಗುತ್ತೆ? ‘ಥ್ಯಾಂಕ್ಯೂ ಜ್ಯಾನಿಕ್, ಒರಿಜಿನಲ್ ಬಂದ್ರು, ನೀನು ಹೊರಡಪ್ಪ’ ಅಂತಾರೆ. ಇವರು ಹಾಗೆ ಅನ್ನಲಿಲ್ಲ. ಮೂರು ಗಿಟಾರ್ ಇಟ್ಕೊಂಡೇ ಮುಂದುವರಿದರು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗಲೂ ಸ್ಟೇಜ್ ಮೇಲೆ ಮೂರು ಗಿಟಾರ್ ಇತ್ತು. ಆಗ ನಾವು ತೊಟ್ಟಿಲಲ್ಲಿದ್ವಿ. ನಮ್ಮ ಕ್ಲಾಸ್‌ಮೇಟ್ ಒಬ್ಬಳ ಮಾವ ಹೋಗಿದ್ದರು, ಇವತ್ತಿಗೂ ಮನೇಲಿ ಮದುವೆ ಕಥೆಗಿಂತ ಜಾಸ್ತಿ ಸಲ ಆ ಕಥೆ ಹೇಳ್ತಾರಂತೆ.

ಪೂರ್ತಿ ನ್ಯಾಯ ಅಲ್ಲಿ ಕೂಡ ಆಗಲಿಲ್ಲ, ಅದನ್ನೂ ಹೇಳಬೇಕು. ನಡುವಿನ ವರ್ಷಗಳಲ್ಲಿ ಹಾಡಿದ ಬ್ಲೇಝ್ ಬೇಲಿ ಹೊರಗೆ ಹೋಗಬೇಕಾಯ್ತು. ಗಿಟಾರ್ ಮೂರಿರಬಹುದು, ಮುಂದೆ ನಿಂತು ಹಾಡೋ ಮೈಕ್ ಒಂದೇ ಅಂತ ಅವರ ಲೆಕ್ಕ ಇರಬಹುದು. ನಮ್ಮ ಕಾಲೇಜಲ್ಲಿ ಮೈಕ್ ನಾಲ್ಕಿದೆ, ಎರಡು ಕೆಲಸ ಮಾಡುತ್ತೆ. ಎರಡು ಸಾಕು.

ಇಲ್ಲಿವರೆಗೆ ಬರೆದು ನಿಲ್ಲಿಸಬೇಕು ಅಂದುಕೊಂಡಿದ್ವಿ. ಅಷ್ಟರಲ್ಲಿ ಇನ್ನೊಂದು ವಿಷಯ ಸಿಕ್ಕಿತು.

ಪೋಸ್ಟರ್ ಮಾಡೋಕೆ ಹಳೇ ಫೋಟೋ ಹುಡುಕ್ತಿದ್ವಿ. ಸಂಘದ ಹಳೇ ಡ್ರೈವಲ್ಲಿ ಬ್ಯಾಂಡಿನ ಮೊದಲ ವರ್ಷದ ಒಂದು ವಿಡಿಯೋ ಸಿಕ್ಕಿತು. ಕ್ವಾಲಿಟಿ ಅಷ್ಟಕ್ಕಷ್ಟೇ, ಯಾರದೋ ತಲೆ ಅರ್ಧ ಸ್ಕ್ರೀನ್ ಮುಚ್ಚಿದೆ. ಆದ್ರೆ ಎಣಿಸೋಕಾಗುತ್ತೆ. ಸ್ಟೇಜ್ ಮೇಲೆ ಐದು ಜನ. ಮೇಲಲ್ಲಿ ಬಂದ ‘ಒರಿಜಿನಲ್ ಲೈನಪ್’ನಲ್ಲಿ ಇರೋದು ನಾಲ್ಕು ಹೆಸರು. ಐದನೆಯವರು ಎಡಗಡೆ ಮೂಲೆಯಲ್ಲಿ ನಿಂತು ವಯಲಿನ್ ನುಡಿಸ್ತಿರೋ ಒಬ್ಬ ಅಕ್ಕ. ಮೊದಲ ಹಾಡಿನ ಶುರುವಿನ ಬಿಟ್ ಇದೆಯಲ್ಲ, ಈಗಲೂ ನಾವು ಕೀಬೋರ್ಡಲ್ಲಿ ನುಡಿಸೋದು, ಅದು ಅವರದು.

ಹೇಗೋ ನಂಬರ್ ಹುಡುಕಿ ಫೋನ್ ಮಾಡಿದ್ವಿ. ಸ್ಪೀಕರ್ ಹಾಕಿ ಐದು ಜನ ಸುತ್ತ ಕೂತ್ವಿ. ಅಕ್ಕನಿಗೆ ಈ ರೀಯೂನಿಯನ್ ವಿಷಯವೇ ಗೊತ್ತಿರಲಿಲ್ಲ.

‘ನಾನು ಬಿಟ್ಟೆ ಅಂತ ಅವರು ಅಂದುಕೊಂಡಿರಬೇಕು ಕಣ್ರೋ. ನಾನೇನೂ ಬಿಡಲಿಲ್ಲ. ಪ್ರಾಕ್ಟೀಸ್ ಎಂಟಕ್ಕೆ ಶುರು ಮಾಡೋರು. ನಮ್ಮ ಹಾಸ್ಟೆಲ್ ಗೇಟು ಎಂಟೂವರೆಗೆ ಹಾಕೋರು. ಎರಡು ಮೂರು ತಿಂಗಳು ಓಡಾಡಿದೆ, ವಾರ್ಡನ್ ಹತ್ರ ಬೈಸಿಕೊಂಡೆ. ಆಮೇಲೆ ಅವರೂ ಕರೆಯೋದು ನಿಲ್ಲಿಸಿದರು, ನಾನೂ ಹೋಗೋದು ನಿಲ್ಲಿಸಿದೆ. ಜಗಳ ಏನೂ ಆಗಲಿಲ್ಲ.’

ನಾವು ಏನು ಹೇಳಬೇಕು ಅಂತ ಗೊತ್ತಾಗದೆ, ‘ಅಕ್ಕಾ, ಕರೆದ್ರೆ ಬರ್ತೀರಾ?’ ಅಂತ ಕೇಳಿದ್ವಿ.

‘ಬರ್ತೀನಿ. ಈಗ ಕೀಬೋರ್ಡ್ ಯಾರು?’

ಹೆಸರು ಹೇಳಿದ್ವಿ. ಸೆಕೆಂಡ್ ಇಯರ್ ಹುಡುಗಿ, ಅವಳು ನಮ್ಮ ಪಕ್ಕದಲ್ಲೇ ಕೂತಿದ್ದಳು.

‘ಪುಟ್ಟಾ, ಆ ಬಿಟ್ ನೀನೇ ನುಡಿಸು. ನಾನು ಪಕ್ಕದಲ್ಲಿ ನಿಂತ್ಕೊಂಡು ವಯಲಿನ್ ಹಾಕ್ತೀನಿ. ನಿನಗೆ ಗೇಟು ಎಷ್ಟು ಗಂಟೆಗೆ?’

‘ಈಗ ಒಂಬತ್ತಕ್ಕೆ ಅಕ್ಕ.’

‘ಓ, ಹತ್ತು ವರ್ಷಕ್ಕೆ ಅರ್ಧ ಗಂಟೆ ಸಿಕ್ಕಿದೆ’ ಅಂತ ನಕ್ಕರು.

ನಾವು ನಗಲಿಲ್ಲ. ಯಾಕಂದ್ರೆ ನಮ್ಮ ಪ್ರಾಕ್ಟೀಸ್ ಈಗಲೂ ಎಂಟಕ್ಕೇ ಶುರುವಾಗೋದು. ಕಳೆದ ಸೆಮಿಸ್ಟರಲ್ಲಿ ನಮ್ಮ ಕೀಬೋರ್ಡ್ ಗೆಳತಿ ಎಷ್ಟು ಸಲ ಅರ್ಧಕ್ಕೇ ಎದ್ದು ಓಡಿದ್ದಾಳೆ ಅನ್ನೋದನ್ನ ನಾವು ಯಾರೂ ಲೆಕ್ಕ ಇಟ್ಟಿರಲಿಲ್ಲ. ‘ಇವಳಿಗೆ ಡೆಡಿಕೇಶನ್ ಇಲ್ಲ’ ಅಂತ ಒಂದು ಸಲ ಅಂದಿದ್ದೀವಿ ಕೂಡ. ಇನ್ನು ಹತ್ತು ವರ್ಷ ಬಿಟ್ಟು ನಾವೂ ಒಂದು ಮೇಲ್ ಕಳಿಸ್ತಿದ್ವಿ. ಅದರಲ್ಲೂ ಒಂದು ಹೆಸರು ಕಮ್ಮಿ ಇರ್ತಿತ್ತು. ಸೀನಿಯರ್‌ಗಳು ಬೇಕು ಅಂತ ಬಿಟ್ಟರು ಅಂತ ನಾವು ಹೇಳ್ತಿಲ್ಲ. ಮರೆತಿರ್ತಾರೆ. ಆದ್ರೆ ಮರೆಯೋದು ಯಾವಾಗಲೂ ಮೂಲೆಯಲ್ಲಿ ನಿಂತವರನ್ನೇ ಅಲ್ವಾ?

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು. ಗುರುವಾರದ ಮೀಟಿಂಗಲ್ಲೂ ಇದನ್ನೇ ಹೇಳ್ತೀವಿ.

ಹಳಬರು ಸೇರಲಿ. ಖಂಡಿತ ಸೇರಲಿ. ಕರೆಯೋದಾದ್ರೆ ಐದೂ ಜನರನ್ನ ಕರೀಬೇಕು, ನಾಲ್ಕಲ್ಲ. ಬಿಲ್ ವಾರ್ಡ್ ಇಲ್ಲದ ಸಬ್ಬತ್ ಟೂರಿಗೆ ಜನ ಬಂದರು, ದುಡ್ಡೂ ಬಂತು. ಆದರೂ ಅದು ಬಾಕಿ ಉಳಿದ ಲೆಕ್ಕವೇ ಆಗಿತ್ತು. ನಾಲ್ಕೂ ಜನ ನಿಂತ ದಿನವೇ ಅದು ಚುಕ್ತಾ ಆಗಿದ್ದು.

ಸೇರೋದು ಒಂದು ರಾತ್ರಿಗೆ ಮಾತ್ರ ಇರಲಿ. 2007ರ ಡಿಸೆಂಬರ್ 10ರಂದು ಲೆಡ್ ಝೆಪ್ಪೆಲಿನ್ ಲಂಡನ್ನಲ್ಲಿ ಸೇರಿದಾಗ, ತೀರಿಹೋದ ಡ್ರಮ್ಮರ್ ಜಾನ್ ಬೊನಮ್ ಜಾಗದಲ್ಲಿ ಅವರ ಮಗ ಜೇಸನ್ ಕೂತಿದ್ದರು. ಆಮೇಲೆ ಟೂರು ಮಾಡಿ ಅಂತ ಎಲ್ಲರೂ ಕೇಳಿದರೂ ಹಾಡುಗಾರ ರಾಬರ್ಟ್ ಪ್ಲಾಂಟ್ ಒಪ್ಪಲಿಲ್ಲ. ಆ ಒಂದೇ ರಾತ್ರಿಗೆ ಬೆಲೆ ಉಳಿದಿದ್ದು ಅದರಿಂದಲೇ. ನಮ್ಮ ಸೀನಿಯರ್‌ಗಳು ಪ್ರತೀ ವರ್ಷ ಫೆಸ್ಟಿಗೆ ಬಂದು ಹೆಡ್‌ಲೈನ್ ಮಾಡ್ತೀವಿ ಅಂದ್ರೆ ನಾವು ವಿರೋಧ. ಈ ವರ್ಷ, ಹತ್ತನೇ ವರ್ಷ ಅಂತ, ಒಂದು ಸಲ ಬಂದ್ರೆ ಕೆಂಪು ಹಾಸು ಹಾಸ್ತೀವಿ.

ಈಗಿನ ತಂಡವನ್ನ ಸಂಜೆ ಐದಕ್ಕೆ ತಳ್ಳಬೇಡಿ. ಕೊನೇ ಒಂದೂವರೆ ಗಂಟೆಯ ಮೊದಲ ಅರ್ಧ ಈಗಿನವರದಾಗಲಿ. ಆಮೇಲೆ ಹಳಬರು ಒಬ್ಬೊಬ್ಬರಾಗಿ ಹತ್ತಲಿ, ಈಗಿನವರು ಇಳಿಯದಿರಲಿ. ಎರಡು ಗಿಟಾರ್ ಇದ್ದ ಕಡೆ ಮೂರಾದ್ರೆ ಗಲಾಟೆ ಆಗುತ್ತೆ, ಆಂಪ್ ಸಾಲಲ್ಲ, ಪವರ್ ಟ್ರಿಪ್ ಆಗಬಹುದು. ಅದನ್ನ ಎಲೆಕ್ಟ್ರಿಕಲ್‌ನವರು ನೋಡ್ಕೊಳ್ತಾರೆ. ಎಂಟು ಸೆಮಿಸ್ಟರ್ ಓದೋದು ಮತ್ಯಾಕೆ?

ಹಳೇ ಹಾಡುಗಳ ಜೊತೆ ಹತ್ತೂ ಜನ ಸೇರಿ ಒಂದು ಹೊಸ ಹಾಡು ಮಾಡಲಿ. ಹಳೇದನ್ನೇ ನುಡಿಸಿ ಹೋದ್ರೆ ಅದು ಫೋಟೋ ಆಲ್ಬಮ್ ನೋಡಿದ ಹಾಗಾಗುತ್ತೆ, ನೋಡೋರಿಗೆ ಖುಷಿ, ಅಷ್ಟೆ.

‘ನೀವು ಸುತ್ತೂರಿನ ತಂಬೂರಿ ಮೇಳಕ್ಕೂ ನಮ್ಮ ಫೆಸ್ಟಿಗೂ ಹೋಲಿಸ್ತಿದ್ದೀರ, ಅಲ್ಲಿ ಸ್ಲಾಟ್ ಇಲ್ಲ, ಪೋಸ್ಟರ್ ಇಲ್ಲ, ಸ್ಪಾನ್ಸರ್ ಇಲ್ಲ’ ಅಂತ ನಮ್ಮ ಗಿಟಾರಿಸ್ಟೇ ಬಸ್ಸಲ್ಲಿ ತಕರಾರು ಮಾಡಿದ್ದ. ಸರಿಯಾದ ಮಾತು. ಅಲ್ಲಿ ಹುಡುಗ ಮುಂದೆ ಮೇಳ ನಡೆಸಬೇಕು, ಅದಕ್ಕೆ ಕಲಿಸ್ತಾರೆ. ಇಲ್ಲಿ ನಾಲ್ಕು ವರ್ಷಕ್ಕೆ ಎಲ್ಲರೂ ಕ್ಯಾಂಪಸ್ ಬಿಟ್ಟು ಹೋಗ್ತಾರೆ. ಆದ್ರೆ ನಾಲ್ಕೇ ವರ್ಷ ಅನ್ನೋ ಕಾರಣಕ್ಕೇ ನಮಗೆ ಕಲಿಸೋರು ಇನ್ನೂ ಜಾಸ್ತಿ ಬೇಕು. ಸೀನಿಯರ್‌ಗಳು ಬಂದು ನಮ್ಮ ಜಾಗದಲ್ಲಿ ನುಡಿಸಿ ಹೋದ್ರೆ ನಮಗೆ ಒಂದು ಒಳ್ಳೇ ಶೋ ಸಿಗುತ್ತೆ. ನಮ್ಮ ಪಕ್ಕದಲ್ಲಿ ನಿಂತು ನುಡಿಸಿದ್ರೆ ಮುಂದಿನ ಬ್ಯಾಚಿಗೆ ಒಂದು ಬ್ಯಾಂಡ್ ಸಿಗುತ್ತೆ.

ಸೀನಿಯರ್‌ಗಳೇ, ಇದನ್ನ ಓದ್ತಿದ್ರೆ ಬೇಜಾರು ಮಾಡ್ಕೋಬೇಡಿ. ನೀವು ಇಲ್ಲದಿದ್ರೆ ನಾವು ಈ ಕ್ಯಾಂಪಸ್ಸಲ್ಲಿ ಕನ್ನಡದಲ್ಲಿ ಹಾಡೋಕೆ ನಾಚಿಕೆ ಪಡ್ತಿದ್ವಿ, ಅದು ಸತ್ಯ. ಬನ್ನಿ. ಅಕ್ಕನಿಗೆ ಒಂದು ಫೋನ್ ಮಾಡಿ, ನಂಬರ್ ನಮ್ಮ ಹತ್ರ ಇದೆ.

ಉಳಿದವರೇ, ಗುರುವಾರ ಸಂಜೆ ನಾಲ್ಕೂವರೆಗೆ ಮೀಟಿಂಗ್, ಸೆಮಿನಾರ್ ಹಾಲ್ ಪಕ್ಕದ ರೂಮು. ಬಂದು ವೋಟ್ ಹಾಕಿ, ನಮ್ಮ ವಿರುದ್ಧ ಹಾಕಿದ್ರೂ ಪರವಾಗಿಲ್ಲ. ಒಂದು ವಿಷಯಕ್ಕೆ ಮಾತ್ರ ನಾವು ವೋಟಿಗೆ ಕಾಯಲಿಲ್ಲ. ಈ ವಾರದಿಂದ ಬ್ಯಾಂಡ್ ಪ್ರಾಕ್ಟೀಸ್ ಐ‌ದೂವರೆಗೆ ಶುರು, ಎಂಟೂವರೆಗೆ ಮುಗಿಯುತ್ತೆ.